ಹಿಪ್ಪುನೇರಳೆ ಎಲೆಯ ಚಹಾ: ಒಂದು ಗುಂಟೆಯ ಮನೆಕಸುಬು

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳಲ್ಲಿ ರಾಗಿ ಮನೆಗೆ, ಮಾವು ವರ್ಷಕ್ಕೊಮ್ಮೆ, ತೆಂಗು ಬಂದಷ್ಟು. ವರ್ಷದಲ್ಲಿ ನಾಲ್ಕೈದು ಸಲ ಕೈಗೆ ನಗದು ಹಣ ತರುವುದು ಮಾತ್ರ ಹಿಪ್ಪುನೇರಳೆ. ಸೊಪ್ಪು ಹುಳುವಿನ ಹೊಟ್ಟೆ ಸೇರಿ, ಹುಳು ಹಣ್ಣಾಗಿ, ಚಂದ್ರಿಕೆ ಏರಿ, ಗೂಡಾಗಿ ರಾಮನಗರದ ಮಾರುಕಟ್ಟೆ ತಲಪಿದರೆ ಅಂದೇ ಹರಾಜು, ಅಂದೇ ತೂಕ. ಈ ದಾರಿ ನಮ್ಮ ರೈತರಿಗೆ ತಲೆಮಾರುಗಳಿಂದ ಗೊತ್ತು.

ಈಚಿನ ವರ್ಷಗಳಲ್ಲಿ ಇದೇ ಸೊಪ್ಪಿಗೆ ಇನ್ನೊಂದು ದಾರಿಯಿದೆ ಎಂಬ ಮಾತು ಕೇಳಿಬರುತ್ತಿದೆ. ಎಲೆಯನ್ನು ಕೈಯಿಂದ ಹದಮಾಡಿ ಒಣಗಿಸಿ ಚಹಾದಂತೆ ಮಾರುವುದೇ ಆ ದಾರಿ. ಮೊಬೈಲಿನಲ್ಲಿ ನೂರು ಗ್ರಾಂ ಪೊಟ್ಟಣದ ಮೇಲೆ ಮುದ್ರಿಸಿರುವ ಬೆಲೆಯನ್ನು ನೋಡಿದ ರೈತರಿಗೆ ಆಸೆ ಹುಟ್ಟುವುದು ಸಹಜ. ಕನಕಪುರ ತಾಲ್ಲೂಕಿನ ಒಂದು ಹಳ್ಳಿಯ ಸಭೆಯಲ್ಲಿ ಹಿರಿಯರೊಬ್ಬರು ನನ್ನನ್ನು ಕೇಳಿದರು: "ಸ್ವಾಮಿ, ಒಂದು ಕೆ.ಜಿ. ಗೂಡು ತೆಗೆಯೋಕೆ ಹದಿನೈದು ಕೆ.ಜಿ. ಸೊಪ್ಪು ಹಾಕ್ತೀವಿ. ಆ ಸೊಪ್ಪನ್ನೇ ಒಣಗಿಸಿ ಮಾರಿದ್ರೆ ಹುಳದ ತಾಪತ್ರಯವೇ ಇರಾಕಿಲ್ಲವಲ್ಲ?" ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹೆಣ್ಣುಮಗಳೊಬ್ಬಳು ಉತ್ತರಕ್ಕೆ ಕಾಯದೆ, "ಔಷಧಿ ಹೊಡೆದ ಸೊಪ್ಪನ್ನ ನಾವು ಹುಳಕ್ಕೇ ಹಾಕಲ್ಲ ಸಾರ್. ಮನುಷ್ಯರು ಕುಡಿಯೋದು ಹೆಂಗೆ?" ಎಂದಳು.

ಮೊದಲ ಪ್ರಶ್ನೆ ಲೆಕ್ಕದ್ದು, ಎರಡನೆಯದು ಹೊಣೆಯದು. ಎರಡನೆಯ ಪ್ರಶ್ನೆಗೆ ಉತ್ತರ ಸಿಗದೆ ಮೊದಲನೆಯದನ್ನು ಎತ್ತಿಕೊಳ್ಳುವಂತಿಲ್ಲ.

ಹುಳುವಿಗೂ ಈ ಎಲೆಗೂ ಇರುವ ನಂಟು

ಹಿಪ್ಪುನೇರಳೆ ಎಲೆಯ ಕಷಾಯ ಹೊಸದಲ್ಲ. ಚೀನಾದಲ್ಲಿ ಚಳಿಗಾಲದ ಮೊದಲ ಹಿಮ ಬಿದ್ದ ಮೇಲೆ ಕೊಯ್ದ ಎಲೆಯನ್ನು ಔಷಧವೆಂದು ಬಳಸುವ ವಾಡಿಕೆ ಬಹಳ ಹಳೆಯದು. ಜಪಾನಿನ ಬೌದ್ಧ ಭಿಕ್ಷು ಐಸಾಯ್ 1211ರಲ್ಲಿ ಚಹಾ ಕುಡಿಯುವುದರ ಗುಣಗಳನ್ನು ಕುರಿತು ಬರೆದ ಪುಸ್ತಕದಲ್ಲಿ ಹಿಪ್ಪುನೇರಳೆಯ ಗುಣಗಳನ್ನೂ ವಿವರಿಸಿದ್ದಾನೆ. ಜಪಾನ್, ಕೊರಿಯಾ, ಥಾಯ್ಲೆಂಡ್ ದೇಶಗಳಲ್ಲಿ ರೇಷ್ಮೆ ಬೆಳೆಯುವ ಊರುಗಳಲ್ಲಿ ಇಂದಿಗೂ ಇದನ್ನು ಮಾಡಿ ಮಾರುತ್ತಾರೆ. ನಮ್ಮಲ್ಲಿ ರೇಷ್ಮೆ ಇದ್ದಷ್ಟು ಕಾಲವೂ ಸೊಪ್ಪಿತ್ತು. ಆದರೆ ಅದನ್ನು ಲೋಟಕ್ಕೆ ಹಾಕಿಕೊಳ್ಳುವ ರೂಢಿ ಬರಲಿಲ್ಲ. ಹುಳುವಿಗೆ ಸಾಲದಿದ್ದ ಸೊಪ್ಪನ್ನು ಯಾರು ತಾನೆ ಕುದಿಸಿ ಕುಡಿಯುತ್ತಾರೆ?

ಎಲೆಯನ್ನು ತೊಟ್ಟಿನ ಬಳಿ ಮುರಿದಾಗ ಒಸರುವ ಬಿಳಿ ಹಾಲನ್ನು ಎಲ್ಲರೂ ನೋಡಿದ್ದೀರಿ. ಆ ಹಾಲಿನಲ್ಲಿ ಸಕ್ಕರೆಯನ್ನೇ ಹೋಲುವ, ಆದರೆ ಸಕ್ಕರೆಯಲ್ಲದ ಕೆಲವು ಪದಾರ್ಥಗಳಿವೆ. ಎಲೆ ತಿನ್ನಲು ಬರುವ ಬೇರೆ ಜಾತಿಯ ಕಂಬಳಿಹುಳುಗಳಿಗೆ ಇವು ವಿಷ. ತಿಂದ ಸಕ್ಕರೆಯನ್ನು ಅರಗಿಸಿಕೊಳ್ಳುವ ಶಕ್ತಿಯನ್ನೇ ಕಟ್ಟಿಹಾಕುತ್ತವೆ. ರೇಷ್ಮೆಹುಳು ಮಾತ್ರ ಇದಕ್ಕೆ ಜಗ್ಗದ ಜೀರ್ಣಶಕ್ತಿ ಪಡೆದಿದೆ. ಬೇರೆ ಹುಳುಗಳಿಗೆ ವಿಷವಾದ ಸೊಪ್ಪನ್ನು ಉಂಡು ಅದು ನೂಲು ಕೊಡುತ್ತದೆ.

ಈ ಪದಾರ್ಥಗಳಲ್ಲಿ ಮುಖ್ಯವಾದುದಕ್ಕೆ ಡೀಆಕ್ಸಿನೊಜಿರಿಮೈಸಿನ್ ಎಂದು ಹೆಸರು. ಹೆಸರು ಉದ್ದ, ಡಿ.ಎನ್.ಜೆ. ಎಂದರೆ ಸಾಕು. 1976ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಹಿಪ್ಪುನೇರಳೆಯ ಬೇರಿನಿಂದ ಬೇರ್ಪಡಿಸಿದರು. ಮನುಷ್ಯರ ಕರುಳಿನಲ್ಲಿಯೂ ಇದು ಪಿಷ್ಟ ಒಡೆದು ಸಕ್ಕರೆಯಾಗುವುದನ್ನು ನಿಧಾನಗೊಳಿಸುತ್ತದೆ. ಸಕ್ಕರೆ ಕಾಯಿಲೆಗೆ ವೈದ್ಯರು ಕೊಡುವ ಮಿಗ್ಲಿಟಾಲ್ ಮಾತ್ರೆ ಇದೇ ಪದಾರ್ಥದ ರೂಪಾಂತರ. ಹಿಪ್ಪುನೇರಳೆ ಚಹಾಕ್ಕೆ ಹೆಸರು ಬಂದಿರುವುದು ಈ ಕಾರಣದಿಂದ. ಆದರೆ ಪ್ರಮಾಣವನ್ನೂ ನೋಡಬೇಕು. ಸಾಮಾನ್ಯ ಒಣ ಎಲೆಯಲ್ಲಿ ಡಿ.ಎನ್.ಜೆ. ಇರುವುದು ಶೇಕಡ 0.1ರ ಆಸುಪಾಸು, ಅಂದರೆ ಒಂದು ಲೋಟಕ್ಕೆ ಹಾಕುವ 2 ಗ್ರಾಂ ಎಲೆಯಲ್ಲಿ ಸುಮಾರು 2 ಮಿಲಿಗ್ರಾಂ. ಕುಡಿಯಲು ಹಿತವಾದ ಪಾನೀಯ ಎನ್ನುವುದು ನಿಜ. ಮಾತ್ರೆಯ ಬದಲು ಕುಡಿಯಿರಿ ಎನ್ನುವುದು ಸುಳ್ಳು. ಸಕ್ಕರೆ ಕಾಯಿಲೆಗೆ ಈಗಾಗಲೇ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ದಿನವೂ ಇದನ್ನು ಕುಡಿಯುವ ಮೊದಲು ವೈದ್ಯರಿಗೆ ತಿಳಿಸಬೇಕು. ಎರಡೂ ಸೇರಿ ರಕ್ತದ ಸಕ್ಕರೆ ಬೇಕಾದುದಕ್ಕಿಂತ ಕೆಳಗಿಳಿಯಬಹುದು.

ಕಾಫಿ, ಟೀಗಳಲ್ಲಿರುವ ಕೆಫೀನ್ ಇದರಲ್ಲಿಲ್ಲ. ಸಂಜೆ ಕುಡಿದರೂ ನಿದ್ದೆ ಕೆಡದು.

ಯಾವ ಎಲೆ ಬೇಡ

ಚಹಾಕ್ಕೆ ಯಾವ ಎಲೆ ಒಳ್ಳೆಯದು ಎನ್ನುವುದಕ್ಕಿಂತ ಯಾವ ಎಲೆ ಕೂಡದು ಎಂಬುದನ್ನು ಮೊದಲು ತಿಳಿಯಬೇಕು.

ನಮ್ಮ ರೈತರಲ್ಲಿ ಒಂದು ನಂಬಿಕೆಯಿದೆ: ಹುಳು ತಿಂದು ಬದುಕಿದರೆ ಸೊಪ್ಪು ಶುದ್ಧ. ಇದು ಅರ್ಧ ಮಾತ್ರ ಸರಿ. ಹುಳುವೂ ಒಂದು ಕೀಟವೇ ಆದುದರಿಂದ ಕೀಟನಾಶಕದ ಸೋಂಕು ತಗಲಿದರೂ ಬಾಯಲ್ಲಿ ನೀರು ಕಾರಿ ಸಾಯುತ್ತದೆ. ಪಕ್ಕದ ಮಾವಿನ ತೋಪಿನಲ್ಲಿ ಹೂ ಬಿಟ್ಟ ಕಾಲಕ್ಕೆ ಜಿಗಿಹುಳುವಿಗೆ ಔಷಧಿ ಹೊಡೆದಾಗ ಗಾಳಿಯಲ್ಲಿ ಬಂದ ತುಂತುರಿಗೇ ಇಡೀ ಬೆಳೆ ಕಳೆದುಕೊಂಡವರು ಈ ಸೀಮೆಯಲ್ಲಿ ಉಂಟು. ಆ ಮಟ್ಟಿಗೆ ಹುಳು ನಂಬಿಕಸ್ಥ ಸಾಕ್ಷಿ. ಆದರೆ ಎಲೆಚುಕ್ಕೆ ರೋಗಕ್ಕೆ ಸಿಂಪಡಿಸುವ ಕಾರ್ಬೆಂಡಜಿಮ್‌ನಂಥ ಶಿಲೀಂಧ್ರನಾಶಕಗಳ ಬಗ್ಗೆ ಹುಳು ಹಾಗೆ ಸಾಕ್ಷಿ ನುಡಿಯುವುದಿಲ್ಲ. ಅವುಗಳ ಉಳಿಕೆ ಇರುವ ಸೊಪ್ಪನ್ನು ಅದು ಮೇಯ್ದು ಗೂಡು ಕಟ್ಟಬಹುದು.

ಇನ್ನೊಂದು ಸೂಕ್ಷ್ಮವಿದೆ. ಸಿಂಪಡಿಸಿದ ಮೇಲೆ ಇಷ್ಟು ದಿನ ಬಿಟ್ಟು ಸೊಪ್ಪು ಕೊಯ್ಯಿರಿ ಎಂದು ಹೇಳುವ ಕಾಯುವ ಅವಧಿಗಳು ಹುಳುವಿನ ಕ್ಷೇಮಕ್ಕಾಗಿ ನಿಗದಿಯಾದವು. ಅವನ್ನು ಮನುಷ್ಯರ ಆಹಾರಕ್ಕೆ ಲೆಕ್ಕ ಹಾಕಿಲ್ಲ. ಅಲ್ಲದೆ ಐದಾರು ಕಿ.ಗ್ರಾಂ ಹಸಿ ಎಲೆ ಒಣಗಿ ಒಂದು ಕಿ.ಗ್ರಾಂ ಆಗುವಾಗ ನೀರು ಹೋಗುತ್ತದೆ, ಅದರಲ್ಲಿದ್ದ ಔಷಧಿಯ ಬಹುಪಾಲು ಹೋಗುವುದಿಲ್ಲ. ಹಸಿ ಎಲೆಯಲ್ಲಿ ಅಲ್ಪವೆನಿಸಿದ್ದು ಒಣ ಎಲೆಯಲ್ಲಿ ನಾಲ್ಕೈದು ಪಟ್ಟು ಸಾಂದ್ರವಾಗುತ್ತದೆ. ಥ್ರಿಪ್ಸ್ ನುಸಿಗೆ ಬಳಸುವ ಡೈಮಿಥೋಯೇಟ್‌ನಂಥ ಔಷಧಿಗಳು ಎಲೆಯ ರಸದೊಳಗೇ ಸೇರುತ್ತವೆ, ಎಷ್ಟು ತೊಳೆದರೂ ಬರುವುದಿಲ್ಲ. ಎಲೆ ಸುರುಳಿ ಹುಳುವಿಗೆಂದು ಹಿಂದೆ ಧಾರಾಳವಾಗಿ ಬಳಸುತ್ತಿದ್ದ ಡೈಕ್ಲೋರ್ವಾಸ್ ಔಷಧಿಗೆ 2020ರ ಡಿಸೆಂಬರ್ 31ರಿಂದ ದೇಶದಲ್ಲೇ ನಿಷೇಧವಿದೆ. ಹಳೆಯ ಡಬ್ಬಿ ಅಟ್ಟದಲ್ಲಿ ಉಳಿದಿದ್ದರೆ ಅದನ್ನು ಚಹಾದ ತೋಟಕ್ಕಿರಲಿ, ಯಾವ ತೋಟಕ್ಕೂ ಬಳಸಬಾರದು.

ಆದುದರಿಂದ ಹುಳುವಿನ ತೋಟದ ಸೊಪ್ಪನ್ನು ಹಾಗೆಯೇ ತಂದು ಚಹಾ ಮಾಡುವ ಯೋಚನೆಯನ್ನು ಬಿಡಬೇಕು. ಅದಕ್ಕೆಂದೇ ಬೇರೆ ಗಿಡಗಳಿರಬೇಕು. ಆ ಗಿಡಗಳಿಗೆ ಯಾವ ಕಾಲದಲ್ಲೂ ಔಷಧಿ ಬೀಳಬಾರದು. ಅವು ಮಾವಿನ ತೋಪು, ಟೊಮೇಟೊ, ಹುರುಳಿಕಾಯಿ ತೋಟಗಳ ಪಕ್ಕದಲ್ಲಿ ಇರಬಾರದು. ಹೆದ್ದಾರಿಯ ಅಂಚಿನಲ್ಲೂ, ಕನಕಪುರ, ಮಾಗಡಿ ಕಡೆಯ ಕಲ್ಲು ಗಣಿಗಳ ದೂಳು ಕೂರುವ ಜಾಗದಲ್ಲೂ ಬೇಡ.

ನೀರಿನ ವಿಷಯದಲ್ಲಿ ಮುಲಾಜಿಲ್ಲದೆ ಹೇಳಬೇಕಾದ ಮಾತೊಂದಿದೆ. ಬೆಂಗಳೂರಿನ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ಬರುವ ವೃಷಭಾವತಿ ನದಿ ಬಿಡದಿಯ ಬಳಿ ಬೈರಮಂಗಲ ಕೆರೆಯನ್ನು ತುಂಬಿ ಮುಂದೆ ಅರ್ಕಾವತಿಯನ್ನು ಸೇರುತ್ತದೆ. ಆ ನೀರಿನಿಂದ ಬೇಸಾಯ ಮಾಡುವ ರೈತರ ತಪ್ಪು ಇದರಲ್ಲಿ ಏನೂ ಇಲ್ಲ. ನಗರ ಹೊರಹಾಕಿದ್ದು ಅವರ ಗದ್ದೆಗೆ ಬಂದಿದೆ. ಆದರೆ ಅಂಥ ನೀರಿನಲ್ಲಿ ಸೀಸ, ಕ್ರೋಮಿಯಂನಂಥ ಭಾರಲೋಹಗಳು ಇರುತ್ತವೆ, ಅವು ಮಣ್ಣಿನಲ್ಲಿ ನಿಲ್ಲುತ್ತವೆ, ಎಲೆಗೂ ಏರುತ್ತವೆ. ಆ ಅಚ್ಚುಕಟ್ಟಿನ ಎಲೆ ಚಹಾಕ್ಕೆ ಸರ್ವಥಾ ಸಲ್ಲದು. ಅಂಥ ಕಡೆ ಈ ಕಸುಬನ್ನು ಹೇಳಿಕೊಡಲು ಹೋಗುವ ವಿಸ್ತರಣಾ ಕಾರ್ಯಕರ್ತರು ಮೊದಲು ನೀರಿನ ಮೂಲ ಕೇಳಬೇಕು.

ಒಂದು ಗುಂಟೆ ಸಾಕು

ಕೊಳವೆಬಾವಿಯ ಅಥವಾ ಮಳೆಯ ನೀರು ಇರುವ, ಮನೆಗೆ ಹತ್ತಿರದ ಒಂದು ಗುಂಟೆ ಜಾಗವನ್ನು ಆರಿಸಿಕೊಳ್ಳಿ. 3 ಅಡಿಗೆ 3 ಅಡಿಯಂತೆ ನೆಟ್ಟರೆ 120 ಗಿಡ ಹಿಡಿಯುತ್ತವೆ. ತಳಿಯ ಬಗ್ಗೆ ಹೆಚ್ಚು ಚಿಂತೆ ಬೇಡ. ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯ ವಿ-1 ಎಲ್ಲೆಡೆ ಸಿಗುತ್ತದೆ. ಎಲೆ ದಪ್ಪ, ರಸವತ್ತಾದದ್ದು, ಒಣಗಲು ಸ್ವಲ್ಪ ತಡ. ಹಳೆಯ ಎಂ-5 ತಳಿಯ ಎಲೆ ಅಷ್ಟು ದಪ್ಪವಿಲ್ಲ. ಈ ಎಂ-5 ಅಥವಾ ಕಣ್ವ-2 ನಮ್ಮ ಚನ್ನಪಟ್ಟಣ ತಾಲ್ಲೂಕಿನ ಕಣ್ವ ರೇಷ್ಮೆ ಕ್ಷೇತ್ರದಲ್ಲೇ ಆಯ್ಕೆಯಾದ ತಳಿ. ಬದುವಿನಲ್ಲಿ ಅದರ ಹಳೆಯ ಗಿಡಗಳಿದ್ದರೆ ಕಿತ್ತು ಹಾಕಬೇಡಿ.

ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರ ಸಾಕು. ಯೂರಿಯಾ ಸುರಿದ ತೋಟದ ಎಲೆ ಕಡುಹಸುರಾಗಿ ನೋಡಲು ಚೆಂದ, ಆದರೆ ನೀರುಗಟ್ಟಿರುತ್ತದೆ, ಒಣಗಿಸಿದಾಗ ಹುಲ್ಲಿನ ವಾಸನೆ ಬರುತ್ತದೆ. ತುಕ್ರ ತಗಲಿ ಮುದುಡಿದ ಕುಡಿ, ಚಳಿಗಾಲದಲ್ಲಿ ಅಡಿಭಾಗಕ್ಕೆ ಬೂದಿ ಬಂದ ಎಲೆ, ತುಕ್ಕು ಚುಕ್ಕೆಯ ಎಲೆ, ಬಿಳಿನೊಣದ ಜಿಗಟಿಗೆ ಕಪ್ಪು ಹಿಡಿದ ಎಲೆ ಇವನ್ನು ಬೇರೆ ಮಾಡಿ. ಔಷಧಿ ಹೊಡೆಯುವುದಿಲ್ಲವೆಂದ ಮೇಲೆ ಇಂಥ ಎಲೆ ಬರುವುದು ಖಚಿತ. ಕೈಯಲ್ಲಿ ಆಯುವುದೇ ಇಲ್ಲಿನ ಸಸ್ಯ ಸಂರಕ್ಷಣೆ. ಆಯ್ದು ಉಳಿದ ಸೊಪ್ಪು ಹಸು, ಕುರಿ, ಮೇಕೆಗಳಿಗೆ ಒಳ್ಳೆಯ ಮೇವು.

ಕೈಯಿಂದ ಮಾಡುವ ಕ್ರಮ

ಎಲೆ ಕೊಯ್ಯುವ ಹೊತ್ತು ಬೆಳಗ್ಗೆ, ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು. ಕುಡಿಯಿಂದ ಎಣಿಸಿ ಮೂರನೆಯ ಎಲೆಯಿಂದ ಎಂಟನೆಯವರೆಗಿನದು ಹದವಾದದ್ದು. ಚಾಕಿ ಹುಳುವಿಗೆ ಎಲೆ ಆರಿಸಿದ ಕೈಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಕೊಯ್ದದ್ದನ್ನು ಬುಟ್ಟಿಗೆ ಸಡಿಲವಾಗಿ ಹಾಕಬೇಕು. ಒತ್ತಿ ತುಂಬಿದರೆ ಸೊಪ್ಪು ಕಾವೇರಿ ಮಂಕಾಗುತ್ತದೆ. ಗೊಬ್ಬರದ ಖಾಲಿ ಚೀಲ ಹತ್ತಿರವೂ ಸುಳಿಯಕೂಡದು.

ಎರಡು ನೀರಿನಲ್ಲಿ ತೊಳೆದು, ಶುಭ್ರವಾದ ಬಟ್ಟೆಯ ಮೇಲೆ ಹರಡಿ ಮೇಲ್ನೀರು ಆರಲು ಬಿಡಿ. ತೊಟ್ಟು ಮುರಿದು, ಎಲೆಯನ್ನು ನಡುನರದ ಗುಂಟ ಮಡಿಸಿ ದಪ್ಪ ನರವನ್ನು ಎಳೆದು ತೆಗೆಯಿರಿ. ನರ ಉಳಿದರೆ ಎಲೆ ಗರಿಗರಿಯಾದರೂ ಅದು ಒಣಗದೆ, ಆಮೇಲೆ ಡಬ್ಬಿಯಲ್ಲಿ ಬೂಸ್ಟು ಹಿಡಿಯಲು ಕಾರಣವಾಗುತ್ತದೆ. ಉಳಿದದ್ದನ್ನು ಬೆರಳಿನ ಅರ್ಧ ಅಗಲಕ್ಕೆ ಕತ್ತರಿಸಿ.

ಮುಂದಿನದು ಮುಖ್ಯವಾದ ಹಂತ. ಹೆಚ್ಚಿಟ್ಟ ಬದನೆಕಾಯಿ ಗಾಳಿಗೆ ಕಪ್ಪಾಗುವುದನ್ನು ದಿನವೂ ನೋಡುತ್ತೇವೆ. ಎಲೆಯಲ್ಲಿಯೂ ಅದೇ ಬಗೆಯ ಕಿಣ್ವವಿದೆ. ಅದನ್ನು ಶಾಖದಿಂದ ನಿಲ್ಲಿಸದೆ ಸುಮ್ಮನೆ ಒಣಗಿಸಿದರೆ ಎಲೆ ಕಂದಾಗಿ ಒಣಹುಲ್ಲಿನಂತಾಗುತ್ತದೆ. ಇದಕ್ಕೆ ಯಂತ್ರ ಬೇಡ, ಮನೆಯ ಇಡ್ಲಿ ಪಾತ್ರೆಯೇ ಸಾಕು. ನೀರು ಚೆನ್ನಾಗಿ ಕುದಿದು ಹಬೆ ಬಲವಾದ ಮೇಲೆ, ಕಾಲು ಕಿಲೋದಷ್ಟು ಎಲೆಯನ್ನು ತೆಳುಬಟ್ಟೆಯಲ್ಲಿ ಹರಡಿ ಇಟ್ಟು ಮುಚ್ಚಿ, ಒಂದರಿಂದ ಎರಡು ನಿಮಿಷದೊಳಗೆ ತೆಗೆಯಿರಿ. ಹಸುರು ಒಮ್ಮೆಗೇ ಗಾಢವಾಗಿ, ಹಸಿವಾಸನೆ ಹೋಗಿರಬೇಕು. ಹೆಚ್ಚು ಹೊತ್ತು ಬಿಟ್ಟರೆ ಅದು ಬೇಯಿಸಿದ ಸೊಪ್ಪಾಗುತ್ತದೆ, ಉಪ್ಪು ಹಾಕಿ ಪಲ್ಯ ಮಾಡುವುದಷ್ಟೇ ಉಳಿಯುತ್ತದೆ. ತೆಗೆದ ಕೂಡಲೇ ಹರಡಿ ಬೀಸಣಿಗೆಯಿಂದ ಆರಿಸಿ.

ಇನ್ನೊಂದು ಕ್ರಮ ಹುರಿಯುವುದು. ದಪ್ಪ ತಳದ ಬಾಣಲೆಯಲ್ಲಿ ಎಣ್ಣೆ ಹಾಕದೆ, ಮಧ್ಯಮ ಉರಿಯಲ್ಲಿ ಎಲೆ ಮೆತ್ತಗಾಗುವವರೆಗೆ ಕೈಬಿಡದೆ ಆಡಿಸಬೇಕು. ಸೌದೆ ಹೆಚ್ಚು ಬೇಕು, ಕೈ ಪಳಗಬೇಕು. ಆದರೆ ಪರಿಮಳ ಇದರಲ್ಲೇ ಹೆಚ್ಚು. ಜಪಾನಿನವರು ಹೆಚ್ಚಾಗಿ ಹಬೆಯ ಕ್ರಮದವರು, ಚೀನಾದವರು ಬಾಣಲೆಯವರು. ನನ್ನ ಅನುಭವದಲ್ಲಿ ಹೊಸಬರು ಇಡ್ಲಿ ಪಾತ್ರೆಯಿಂದ ಆರಂಭಿಸಿದರೆ ಎಲೆ ಕೆಡುವುದು ಕಡಿಮೆ.

ಆರಿದ ಎಲೆಯನ್ನು ಹಿಡಿ ಹಿಡಿಯಾಗಿ ತೆಗೆದುಕೊಂಡು ಮಣೆಯ ಮೇಲೆ ಅಂಗೈಯಿಂದ ಒಂದೇ ದಿಕ್ಕಿಗೆ ಹೊಸೆಯಬೇಕು. ರಾಗಿ ಮುದ್ದೆ ಕಟ್ಟುವಾಗಿನ ಬಲ ಬೇಡ. ಎಲೆ ಸುರುಳಿಯಾಗಿ ಮೇಲೆ ರಸದ ಪಸೆ ಕಾಣಿಸಿದರೆ ಸಾಕು. ರಸ ಹಿಂಡಿ ಹೋದರೆ ಲೋಟಕ್ಕೆ ಬರುವುದು ಬಿಸಿನೀರು ಮಾತ್ರ.

ಒಣಗಿಸುವುದು ನೆರಳಿನಲ್ಲಿ, ಗಾಳಿಯಾಡುವ ಕಡೆ, ಮೇಲೆ ಸೊಳ್ಳೆಪರದೆ ಹೊದಿಸಿ. ನೇರ ಬಿಸಿಲಿಗೆ ಬಣ್ಣ ಹಾರುತ್ತದೆ. ಬೇಸಿಗೆಯಲ್ಲಿ ಎರಡು ದಿನ ಹಿಡಿಯಬಹುದು. ಕೊನೆಗೆ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೆಲವು ನಿಮಿಷ ಬೆಚ್ಚಗೆ ಮಾಡಿದರೆ ಉಳಿದ ತೇವ ಹೋಗಿ ಘಮ ಬರುತ್ತದೆ. ಎರಡು ಬೆರಳ ನಡುವೆ ಉಜ್ಜಿದಾಗ ಸದ್ದು ಮಾಡಿ ಪುಡಿಯಾಗಬೇಕು. ಬಾಗಿದರೆ ಇನ್ನೂ ಒಣಗಬೇಕು. ಪೂರ್ಣ ತಣಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ. ಬಿಸಿಯಿರುವಾಗಲೇ ತುಂಬಿದರೆ ಮುಚ್ಚಳದ ಒಳಗೆ ಬೆವರು ಕಟ್ಟುತ್ತದೆ. ಮುಂಗಾರು, ಹಿಂಗಾರು ಜಡಿ ಹಿಡಿದ ದಿನಗಳಲ್ಲಿ, ಸೌರ ಒಣಗಿಸುವ ಪೆಟ್ಟಿಗೆ ಇಲ್ಲದವರು ಈ ಕೆಲಸ ಮಾಡದಿರುವುದೇ ಲೇಸು. ಆ ದಿನಗಳ ಎಲೆ ದನಕ್ಕೆ ಹೋಗಲಿ.

ಹುಳುಮನೆಯ ತಟ್ಟೆ, ಬಲೆ, ಚಂದ್ರಿಕೆಗಳನ್ನು ಇದಕ್ಕೆ ಬಳಸಬಾರದು. ಬ್ಲೀಚಿಂಗ್ ಪುಡಿ, ಸುಣ್ಣ, ಫಾರ್ಮಲಿನ್, ಹಾಸಿಗೆಗೆ ಎರಚುವ ಸೋಂಕುನಿವಾರಕಗಳು ಅವಕ್ಕೆ ಅಂಟಿರುತ್ತವೆ. ಹುಳುಮನೆಯ ಅಟ್ಟದಲ್ಲಿ ಒಣಗಲು ಹಾಕುವುದೂ ತಪ್ಪೇ. ಜಾಗ ಒಣದಾಗಿ, ಬೆಚ್ಚಗೆ ಇರುತ್ತದೆಂದು ಎಲ್ಲರಿಗೂ ಮೊದಲು ಹೊಳೆಯುವುದು ಅದೇ ಅಟ್ಟ, ಅದಕ್ಕಾಗಿ ಹೇಳಿದೆ.

ಒಂದು ಲೋಟಕ್ಕೆ ಸಣ್ಣ ಚಮಚ ಎಲೆ, ಕುದಿದು ಇಳಿಸಿದ ನೀರು, ಮೂರು ನಾಲ್ಕು ನಿಮಿಷ. ಹಾಲು ಸೇರದು. ಶುಂಠಿ ಜಜ್ಜಿ ಹಾಕಿದರೆ ನಮ್ಮ ನಾಲಗೆಗೆ ಬೇಗ ಒಗ್ಗುತ್ತದೆ.

ಲೆಕ್ಕ

ಈಗ ಹಿರಿಯರ ಪ್ರಶ್ನೆಗೆ ಬರೋಣ. ಬೆಲೆಗಳು ದಿನದಿಂದ ದಿನಕ್ಕೆ ಬದಲಾಗುವುದರಿಂದ ಇಲ್ಲಿ ಹಿಡಿದಿರುವವು ಲೆಕ್ಕಕ್ಕಷ್ಟೇ. ನಿಮ್ಮ ಊರಿನ ಬೆಲೆ ಹಾಕಿ ಮತ್ತೆ ಗುಣಿಸಿ ನೋಡಿ.

ಹದಿನೈದು ಕಿ.ಗ್ರಾಂ ಸೊಪ್ಪಿಗೆ ಒಂದು ಕಿ.ಗ್ರಾಂ ಗೂಡು, ಗೂಡಿಗೆ 450 ರೂಪಾಯಿ ಎಂದಿಟ್ಟುಕೊಂಡರೆ ಒಂದು ಕಿ.ಗ್ರಾಂ ಸೊಪ್ಪು 30 ರೂಪಾಯಿ ತರುತ್ತದೆ. ಮೊಟ್ಟೆ, ಕೂಲಿ, ಸೋಂಕುನಿವಾರಕದ ಖರ್ಚು ಅದರಲ್ಲೇ ಕಳೆಯಬೇಕು. ಆರು ಕಿ.ಗ್ರಾಂ ಎಲೆಗೆ ಒಂದು ಕಿ.ಗ್ರಾಂ ಚಹಾ, ಅದಕ್ಕೆ 600 ರೂಪಾಯಿ ಸಿಕ್ಕಿತೆಂದರೆ ಒಂದು ಕಿ.ಗ್ರಾಂ ಎಲೆಗೆ 100 ರೂಪಾಯಿ. ಮೂರು ಪಟ್ಟಿಗೂ ಹೆಚ್ಚು! ಇಲ್ಲಿಗೇ ಲೆಕ್ಕ ನಿಲ್ಲಿಸುವವರು ಸಭೆಗಳಲ್ಲಿ ಬಹಳ ಮಂದಿ.

ಮುಂದುವರಿಸೋಣ. ಚೆನ್ನಾಗಿ ನೀರು ಗೊಬ್ಬರ ಕಂಡ ಒಂದು ಎಕರೆಯಲ್ಲಿ ವರ್ಷಕ್ಕೆ 20 ಟನ್ ಸೊಪ್ಪು. ಅಷ್ಟನ್ನೂ ಚಹಾ ಮಾಡಿದರೆ 3,300 ಕಿ.ಗ್ರಾಂ, 50 ಗ್ರಾಂ ಪೊಟ್ಟಣ ಮಾಡಿದರೆ 66,000 ಪೊಟ್ಟಣ. ಒಂದೇ ಎಕರೆಯದು. ಇದನ್ನು ಕೊಳ್ಳುವವರು ಯಾರು? ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ದಿನಕ್ಕೆ ಹತ್ತಾರು ಟನ್ ಗೂಡು ಹರಾಜಾಗುತ್ತದೆ. ಬೆಲೆ ಏರಲಿ ಇಳಿಯಲಿ, ತಂದ ಗೂಡು ಮನೆಗೆ ವಾಪಸ್ಸು ಹೋಗುವುದು ಅಪರೂಪ. 1959ರ ಕಾಯಿದೆಯಿಂದ ಮೊದಲಾಗಿ ಬೆಳೆದು ಬಂದ ವ್ಯವಸ್ಥೆ ಅದು. ಚಹಾಕ್ಕೆ ಹರಾಜೂ ಇಲ್ಲ, ರೀಲರೂ ಇಲ್ಲ. ಒಬ್ಬೊಬ್ಬ ಗಿರಾಕಿಯನ್ನೂ ನೀವೇ ಹುಡುಕಬೇಕು. ಹುಳು ಬಿಟ್ಟು ಚಹಾಕ್ಕೆ ಹೋಗುವ ಮಾತು ಆದುದರಿಂದ ಸಲ್ಲದು. ಮಾಗಡಿ ಕಡೆಯ ಮೈಸೂರು ತಳಿಯ ಬಿತ್ತನೆ ಗೂಡು ಬೆಳೆಗಾರರಂತೂ ಈ ಆಸೆಗೆ ಬೀಳಲೇಬಾರದು. ಅವರ ಗೂಡಿನ ಮೇಲೆ ಮಿಶ್ರತಳಿಯ ಮೊಟ್ಟೆಯೇ ನಿಂತಿದೆ.

ಒಂದು ಗುಂಟೆಯ ಲೆಕ್ಕ ಬೇರೆ. ವರ್ಷಕ್ಕೆ ಸುಮಾರು 500 ಕಿ.ಗ್ರಾಂ ಸೊಪ್ಪು. ಆಯ್ದು, ಮಳೆಯ ದಿನ ಬಿಟ್ಟು, ಚಹಾಕ್ಕೆ ಒದಗುವುದು ಅರ್ಧ ಎಂದುಕೊಳ್ಳಿ, 250 ಕಿ.ಗ್ರಾಂ. ಸುಮಾರು 40 ಕಿ.ಗ್ರಾಂ ಚಹಾ, 800 ಪೊಟ್ಟಣ, ತಿಂಗಳಿಗೆ 65ರಿಂದ 70. ಪೊಟ್ಟಣಕ್ಕೆ 60 ರೂಪಾಯಿಯಂತೆ ಕೈಯಾರೆ ಮಾರಿದರೆ ವರ್ಷಕ್ಕೆ 48,000 ರೂಪಾಯಿ. ಪೊಟ್ಟಣ, ಚೀಟಿ, ಸೌದೆ ಅಥವಾ ಗ್ಯಾಸು, ಓಡಾಟ ಕಳೆದರೆ ಉಳಿಯುವುದು ಅದಕ್ಕಿಂತ ಸಾಕಷ್ಟು ಕಡಿಮೆ. ದಿನಕ್ಕೆ ಐದು ಗಿಡ, ಒಂದೂವರೆ ಕಿಲೋ ಎಲೆ, ಒಂದೆರಡು ಗಂಟೆ ಕೆಲಸ. ಹುಳು ನಾಲ್ಕನೆಯ ಜ್ವರದಿಂದ ಎದ್ದ ವಾರ ಮನೆಯ ಹೆಂಗಸರಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ಆ ವಾರ ಇದನ್ನು ಮುಟ್ಟಬೇಡಿ. ಈ ಕೆಲಸ ಹೆಚ್ಚಾಗಿ ಹೆಂಗಸರ ಕೈಯಲ್ಲೇ ನಡೆಯುವುದು. ಬಂದ ಹಣವೂ ಅವರ ಸಂಘದ ಖಾತೆಗೇ ಹೋಗಲಿ ಎಂದು ನನ್ನ ಅಭಿಪ್ರಾಯ.

ಮಾರುವ ಮೊದಲು

ಕಾಯಿದೆಯ ಒಂದೆರಡು ಮಾತು ತಪ್ಪದೆ ತಿಳಿದಿರಬೇಕು. ಆಹಾರ ಪದಾರ್ಥ ಮಾರುವ ಸಣ್ಣ ತಯಾರಕರೂ ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಬೇಕು. ಶುಲ್ಕ ಹೆಚ್ಚಿಲ್ಲ. 14 ಅಂಕಿಗಳ ನೋಂದಣಿ ಸಂಖ್ಯೆ ಪೊಟ್ಟಣದ ಮೇಲೆ ಇರಬೇಕು. ಜೊತೆಗೆ ನಿವ್ವಳ ತೂಕ, ಬೆಲೆ, ತಯಾರಿಸಿದ ತಿಂಗಳು, ಬಳಸಬಹುದಾದ ಅವಧಿ, ವಿಳಾಸ.

ಹೆಸರಿನದು ಸೂಕ್ಷ್ಮ ವಿಷಯ. ಮಾತಿನಲ್ಲಿ ನಾವು ಇದನ್ನು ಚಹಾ ಎನ್ನುತ್ತೇವೆ, ಈ ಲೇಖನದಲ್ಲೂ ಹಾಗೆಯೇ ಕರೆದಿದ್ದೇನೆ. ಆದರೆ ಆಹಾರ ನಿಯಮಗಳ ಪ್ರಕಾರ ಚಹಾ ಎಂದರೆ ಕ್ಯಾಮೆಲಿಯಾ ಸೈನೆನ್ಸಿಸ್ ಎಂಬ ಚಹಾ ಗಿಡದ ಎಲೆ ಮಾತ್ರ. ಬೇರೆ ಗಿಡಗಳ ಎಲೆ, ಹೂಗಳನ್ನು ಚಹಾ ಎಂಬ ಹೆಸರಿನಲ್ಲಿ ಮಾರಬಾರದೆಂದು ಪ್ರಾಧಿಕಾರ 2025ರ ಡಿಸೆಂಬರಿನಲ್ಲಿ ಸ್ಪಷ್ಟಪಡಿಸಿದೆ. ಆದುದರಿಂದ ಪೊಟ್ಟಣದ ಮೇಲೆ 'ಒಣಗಿಸಿದ ಹಿಪ್ಪುನೇರಳೆ ಎಲೆ, ಕಷಾಯಕ್ಕೆ' ಎಂಬಂಥ ಹೆಸರೇ ಕ್ಷೇಮ. ಚೀಟಿ ಮುದ್ರಿಸುವ ಮೊದಲು ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಗೆ ತೋರಿಸಿ. ಐದು ಸಾವಿರ ಚೀಟಿ ಮುದ್ರಿಸಿಕೊಂಡು ಬಂದು ಕೇಳುವುದಲ್ಲ.

'ಸಕ್ಕರೆ ಕಾಯಿಲೆ ಗುಣವಾಗುತ್ತದೆ' ಎಂದು ಎಲ್ಲಿಯೂ ಬರೆಯಬೇಡಿ. 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆಯಲ್ಲಿ ಹಾಗೆ ಜಾಹೀರಾತು ಮಾಡಬಾರದ ಕಾಯಿಲೆಗಳ ಪಟ್ಟಿಯಲ್ಲಿ ಇದೂ ಸೇರಿದೆ. ಕಾಯಿದೆ ಹಾಗಿರಲಿ, ನಿಮ್ಮ ಮಾತು ನಂಬಿ ಒಬ್ಬರು ಮಾತ್ರೆ ಬಿಟ್ಟರೆ ಏನಾಗುತ್ತದೆಂದು ಯೋಚಿಸಿ.

ಮಾರುವ ಜಾಗದ ಬಗ್ಗೆ: ಬೆಂಗಳೂರು ಐವತ್ತು ಕಿಲೋಮೀಟರಿನಲ್ಲಿದೆ, ಸಾವಯವ ಅಂಗಡಿಗಳೂ ಸಂತೆಗಳೂ ಅಲ್ಲಿವೆ. ಜಾನಪದ ಲೋಕ, ರಾಮದೇವರ ಬೆಟ್ಟಕ್ಕೆ ಬರುವವರು, ಚನ್ನಪಟ್ಟಣದ ಗೊಂಬೆ ಕೊಳ್ಳಲೆಂದೇ ಬರುವವರು ಕೈಯಿಂದ ಮಾಡಿದ್ದಕ್ಕೆ ಬೆಲೆ ಕೊಡುವ ಜನ. 2023ರಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ಊರುಗಳ ಒಳಗೆ ಹಾದುಹೋಗುವ ಗಿರಾಕಿಗಳು ಕಡಿಮೆಯಾಗಿರುವುದರಿಂದ ರಸ್ತೆಬದಿಯ ವ್ಯಾಪಾರವನ್ನೇ ನಂಬುವಂತಿಲ್ಲ. ಹತ್ತು ಮನೆಯವರು ಸೇರಿ ಒಂದೇ ಹೆಸರಿನಲ್ಲಿ ಮಾರಿದರೆ ಚೀಟಿ, ಪರೀಕ್ಷೆ, ಓಡಾಟದ ಖರ್ಚು ಹಂಚಿಹೋಗುತ್ತದೆ. ಆದರೆ ಹತ್ತರಲ್ಲಿ ಒಬ್ಬರು ಔಷಧಿ ಹೊಡೆದ ಎಲೆ ಸೇರಿಸಿದರೂ ಹತ್ತು ಮನೆಯ ಹೆಸರು ಕೆಡುತ್ತದೆ. ಪ್ರತಿ ಮನೆಯ ಚಹಾವನ್ನು ಬೇರೆ ಬೇರೆ ಡಬ್ಬಿಯಲ್ಲಿ, ಕೊಯ್ದ ದಿನಾಂಕ ಬರೆದು ಇಡುವುದು ಇದಕ್ಕಾಗಿ.

ಸಸಿ ಕೊಡುತ್ತೇವೆ, ಎಲ್ಲ ಎಲೆಯನ್ನೂ ನಾವೇ ಕೊಳ್ಳುತ್ತೇವೆ, ಮೊದಲು ಇಷ್ಟು ಮುಂಗಡ ಕಟ್ಟಿ ಎಂದು ಬರುವ ಸಂಸ್ಥೆಗಳ ಬಗ್ಗೆ ಎಚ್ಚರವಿರಲಿ. 2003–04ರಲ್ಲಿ ವೆನಿಲ್ಲಾ ಬೆಲೆ ಆಕಾಶಕ್ಕೇರಿ, ಎರಡು ಮೂರು ವರ್ಷಗಳಲ್ಲೇ ನೆಲಕಚ್ಚಿದ್ದನ್ನು ಮಲೆನಾಡಿನ ರೈತರು ಮರೆತಿಲ್ಲ. ಹಿಪ್ಪುನೇರಳೆಗೆ ಒಂದು ಅನುಕೂಲವಿದೆ: ಚಹಾ ಮಾರಾಟವಾಗದಿದ್ದರೆ ಆ 120 ಗಿಡಗಳ ಸೊಪ್ಪು ಹುಳುವಿಗೆ ಹೋಗುತ್ತದೆ. ಮುಂಗಡ ಕೊಟ್ಟ ಹಣ ಹಾಗೆ ವಾಪಸ್ಸು ಬರುವುದಿಲ್ಲ.

ಮೊದಲ ಬಾರಿ ಮಾಡಿದ್ದನ್ನು ಮಾರದೆ ಮನೆಯವರೇ ಒಂದು ತಿಂಗಳು ಕುಡಿದು ನೋಡಿ. ಡಬ್ಬಿಯಲ್ಲಿ ಬಣ್ಣ, ವಾಸನೆ ನಿಂತಿತೇ ಎಂಬುದು ಅಷ್ಟರಲ್ಲಿ ತಿಳಿಯುತ್ತದೆ. ಆಮೇಲೆ ಗುಂಪಿನ ಪರವಾಗಿ ಒಂದು ಮಾದರಿಯನ್ನು ಔಷಧಿ ಉಳಿಕೆ ಮತ್ತು ಭಾರಲೋಹಗಳ ಪರೀಕ್ಷೆಗೆ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಬೇಕು. ಇದರ ಬಗ್ಗೆ ಮತ್ತು ಸೌರ ಒಣಗಿಸುವ ಪೆಟ್ಟಿಗೆಯ ಬಗ್ಗೆ ಮಾಗಡಿ ತಾಲ್ಲೂಕು ಚಂದೂರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಹೋಗುವಾಗ ನೀರಿನ ಮಾದರಿಯನ್ನೂ ಶುಭ್ರವಾದ ಒಂದು ಲೀಟರ್ ಬಾಟಲಿಯಲ್ಲಿ ತೆಗೆದುಕೊಂಡು ಹೋಗಿ.